ಸಹಿ ಮಾಡೋಕಿಂತ ಮೊದಲು ಓದಿಸಿಕೊಳ್ರಿ

ಮಕ್ಕಳ ಮಾಹಿತಿ ಬೇರೆ, ಮಾತಾಡುವ ಹಕ್ಕು ಬೇರೆ ಅಂತ ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಶಾಲೆಯ ಮಕ್ಕಳಿಗೆ ಸರ್ಕಾರ ಕೊಡುವ ಗುರುತಿನ ಸಂಖ್ಯೆ ಅಪಾರ್ ಐಡಿ. ಅದರ ಒಪ್ಪಿಗೆ ಪತ್ರ ಓದಿದ ಮೇಲೆ ನನಗಂತೂ ಎರಡೂ ಒಂದೇ ಅನ್ನಿಸಿದೆ.

ಮಗುವಿನ ಶಾಲೆಯ ದಾಖಲೆಗಳನ್ನೆಲ್ಲ ಈ 12 ಅಂಕಿಯ ಸಂಖ್ಯೆಗೆ ಕಟ್ಟುತ್ತಾರೆ. ಕಾಗದದ ಮೇಲೆ ಇದು ಐಚ್ಛಿಕ. ಪಾಲಕರು ಒಲ್ಲೆ ಅನ್ನಬಹುದು, ಕೊಟ್ಟ ಒಪ್ಪಿಗೆ ವಾಪಸ್ ತಗೊಳ್ಳಲೂಬಹುದು. ನಡೆಯೋದೇ ಬೇರೆ. ಸೇಡಂ ಕಡೆಯ ಒಂದು ಹಳ್ಳಿಶಾಲೆಯಲ್ಲಿ, ತೊಗರಿ ರಾಶಿ ಬಿಟ್ಟು ಬಂದಿದ್ದ ತಾಯಿಯೊಬ್ಬಳು "ಇದು ಯಾತಕ್ಕರೀ ಸರ್?" ಅಂದಳು. "ಮ್ಯಾಲಿಂದ ಬಂದದವ್ವಾ, ಇಲ್ಲಿ ಸಹಿ ಮಾಡು." ಅಷ್ಟೇ ಉತ್ತರ. ಮಾಸ್ತರರನ್ನು ಬೈಯಲಾರೆ, ಇಷ್ಟು ದಿನದಾಗ ಮುಗಿಸಿ ಅನ್ನೋ ಒತ್ತಡ ಅವರಿಗೂ ಇದೆ. ಆದರೆ ಮಗುವಿನ ಹೆಸರು, ವಿಳಾಸ, ಹುಟ್ಟಿದ ದಿನ, ಫೋಟೋ ಇವನ್ನೆಲ್ಲ ಶಿಕ್ಷಣ ಸಂಸ್ಥೆಗಳಿಗಷ್ಟೇ ಅಲ್ಲ, ನೌಕರಿಗೆ ಜನ ಹುಡುಕಿಕೊಡುವ ಏಜೆನ್ಸಿಗಳಿಗೂ ಕೊಡಬಹುದು ಅಂತ ಅದೇ ಹಾಳೆಯಲ್ಲಿದೆ. ಆಕೆಗೆ ಯಾರೂ ಅದನ್ನು ಓದಿ ಹೇಳಲಿಲ್ಲ. ಐದನೇ ಕ್ಲಾಸಿನ ಹುಡುಗಿಯ ಫೋಟೋ ಏಜೆನ್ಸಿಯವರಿಗೆ ಯಾಕೆ ಬೇಕು?

ಸರ್ಕಾರದ ಹತ್ತಿರ ಇದ್ದರೆ ಭದ್ರ ಅನ್ನುವವರು ಸರ್ಕಾರದ್ದೇ ಕಲಿಕೆಯ ಆ್ಯಪ್ ದೀಕ್ಷಾವನ್ನು ನೆನಪಿಸಿಕೊಳ್ಳಲಿ. ಅದರ ಲಕ್ಷಾಂತರ ವಿದ್ಯಾರ್ಥಿ, ಶಿಕ್ಷಕರ ಮಾಹಿತಿ ಕಾವಲಿಲ್ಲದ ಸರ್ವರ್‌ನಲ್ಲಿ ಬಿದ್ದಿತ್ತು ಅನ್ನೋದು 2023ರ ಜನವರಿಯಲ್ಲಿ ಹೊರಬಂತು.

ಮಾತಾಡುವ ಹಕ್ಕಿನ ಮಾತಿಗೆ ಈಗ ಬೀದರ್‌ಗೆ ಬರ್ರಿ. 2020ರ ಜನವರಿಯಲ್ಲಿ ಶಾಹೀನ್ ಶಾಲೆಯ ಮಕ್ಕಳು ಪೌರತ್ವ ತಿದ್ದುಪಡಿ ಕಾಯ್ದೆ (ಸಿಎಎ), ಪೌರತ್ವ ನೋಂದಣಿ (ಎನ್‌ಆರ್‌ಸಿ) ಬಗ್ಗೆ ನಾಟಕ ಆಡಿದರು. ವಿಡಿಯೋ ಫೇಸ್‌ಬುಕ್‌ಗೆ ಬಂತು, ದೇಶದ್ರೋಹದ ಕೇಸು ಬಿತ್ತು. ಮುಖ್ಯ ಶಿಕ್ಷಕಿ ಮತ್ತು ಒಬ್ಬ ವಿದ್ಯಾರ್ಥಿನಿಯ ತಾಯಿ ಜೈಲು ಸೇರಿದರು. ಸಮವಸ್ತ್ರದ ಪೊಲೀಸರು ಸಣ್ಣ ಸಣ್ಣ ಮಕ್ಕಳನ್ನು ಮತ್ತೆ ಮತ್ತೆ ಪ್ರಶ್ನೆ ಮಾಡಿದರು. 2023ರ ಜೂನ್‌ನಲ್ಲಿ ಹೈಕೋರ್ಟಿನ ಕಲಬುರಗಿ ಪೀಠ ಕೇಸು ರದ್ದು ಮಾಡಿತು. ಆದರೆ ಮಕ್ಕಳನ್ನು ಸರ್ಕಾರದ ನೀತಿಯ ಟೀಕೆಯಿಂದ ದೂರ ಇಡಬೇಕು ಅಂತಲೂ ಹೇಳಿತು. ತೀರ್ಪಿಗೆ ತಲೆಬಾಗುತ್ತೇನೆ, ಈ ಒಂದು ಮಾತನ್ನು ಮಾತ್ರ ಒಪ್ಪಲಾರೆ. ಶಾಲೆಯಲ್ಲಿ ಪ್ರಶ್ನೆ ಕೇಳೋದು ಕಲಿಯದವರು ಮುಂದೆ ಗ್ರಾಮಸಭೆಯಲ್ಲಿ ಎದ್ದು ನಿಂತು ಏನು ಕೇಳ್ಯಾರು?

ಆ ಘಟನೆ ಕಂಡ ಊರಿನ ಹುಡುಗಿ ಪಿಯುಸಿಗೆ ಬಂದಿದ್ದಾಳೆ ಅಂತ ಇಟ್ಟುಕೊಳ್ಳಿ. ಹಾಸ್ಟೆಲ್ ಊಟದ ಬಗ್ಗೆ ಒಂದು ಪೋಸ್ಟ್ ಹಾಕಬೇಕು. ತನ್ನ ಒಂದು ನಂಬರಿನ ಹಿಂದೆ ಫೋಟೋ, ವಿಳಾಸ, ಅಂಕಪಟ್ಟಿ ಎಲ್ಲಾ ಇದೆ ಅಂತ ಅವಳಿಗೆ ಗೊತ್ತು. ಹಾಕುತ್ತಾಳೆಯೇ? ಆನ್‌ಲೈನ್ ಬರಹಕ್ಕೆ ಜೈಲಿಗೆ ಹಾಕಲು ಬಿಡುತ್ತಿದ್ದ ಐಟಿ ಕಾಯ್ದೆಯ 66ಎ ಕಲಮನ್ನು 2015ರಲ್ಲಿ ಸುಪ್ರೀಂ ಕೋರ್ಟು ಹೊಡೆದು ಹಾಕಿದ್ದರಿಂದ ಆಕೆಗೆ ಏನೂ ಲಾಭ ಆಗಲಿಲ್ಲ, ಹೆದರಿಕೆ ಮೊದಲೇ ಒಳಗೆ ಕೂತಿದೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನ ಮಕ್ಕಳ ಜಾಡು ಹಿಡಿಯೋದನ್ನು ನಿಷೇಧಿಸುತ್ತದೆ. 2025ರ ನಿಯಮಗಳು ಶಿಕ್ಷಣ, ಸುರಕ್ಷತೆ ಅಂತ ಹೇಳಿ ಶಾಲೆಗಳಿಗೆ ಅದರಿಂದ ವಿನಾಯ್ತಿ ಕೊಟ್ಟವು. ಮಕ್ಕಳು ದಿನವಿಡೀ ಇರೋದೇ ಅಲ್ಲಿ. ಮಿತಿಯನ್ನು ಸ್ಪಷ್ಟವಾಗಿ ಬರೆಯದೆ ಈ ವಿನಾಯ್ತಿ ಕೊಡಬಾರದಿತ್ತು.

ಮುಂದಿನ ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಹೋದಾಗ ಫಾರಂ ಕನ್ನಡದಲ್ಲಿ, ಉರ್ದುವಿನಲ್ಲಿ ಜೋರಾಗಿ ಓದಿಸ್ರಿ. ಒಲ್ಲೆ ಅನ್ನೋಕೂ ಒಂದು ಜಾಗ ಕೇಳ್ರಿ. ಒಲ್ಲೆ ಅಂದವರ ಮಕ್ಕಳ ಪ್ರವೇಶ, ಹಾಜರಿ, ಬಿಸಿಯೂಟ ಯಾವುದೂ ನಿಲ್ಲಂಗಿಲ್ಲ ಅಂತ ಠರಾವು ಬರೆಸ್ರಿ. ಅಪಾರ್ ಐಡಿ ಮಾಡಿಸೋಕೆ ಆಧಾರ್ ಬೇಕು, ಆದರೆ ಶಾಲೆ ಪ್ರವೇಶಕ್ಕೆ ಆಧಾರ್ ಕಡ್ಡಾಯ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟು 2018ರಲ್ಲೇ ಹೇಳಿದೆ. ಯಾರಾದರೂ ತಕರಾರು ತೆಗೆದರೆ ಅದನ್ನೇ ಮುಂದಿಡ್ರಿ.