'ಒಂದಕ್ಕೆ' ಅನ್ನೋಕೆ ಪೇಪರಿಗೇಕೆ ನಾಚಿಕೆ?

ನಾನಿರುವ ಇಂಗ್ಲೆಂಡಿನ ಊರಿಗೆ ವಾರಕ್ಕೊಂದು ಪುಕ್ಕಟೆ ಪೇಪರ್ ಬರುತ್ತದೆ. ಮೊನ್ನೆ ಅದರ ಮುಖಪುಟದಲ್ಲಿ ಪಾರ್ಕಿನ ಶೌಚಾಲಯ ಮುಚ್ಚುವ ಸುದ್ದಿ. ಇನ್ನು 'ಸ್ಪೆಂಡ್ ಎ ಪೆನ್ನಿ'ಗೆ ಎಲ್ಲಿಗೆ ಹೋಗೋದು ಅಂತ ದಪ್ಪಕ್ಷರದ ತಲೆಬರಹ. ಓದಿ ಖುಷಿಯಾಯಿತು. ಆಮೇಲೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

'ಸ್ಪೆಂಡ್ ಎ ಪೆನ್ನಿ' ಅಂದರೆ ಒಂದಕ್ಕೆ ಹೋಗೋದು. ಹಿಂದೆ ಇಲ್ಲಿನ ಸಾರ್ವಜನಿಕ ಶೌಚಾಲಯದ ಬೀಗಕ್ಕೆ ಒಂದು ಪೆನ್ನಿ ಹಾಕಿದರೆ ಬಾಗಿಲು ತೆರೆಯುತ್ತಿತ್ತು. 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ನಡೆದ ಮಹಾ ವಸ್ತುಪ್ರದರ್ಶನದಲ್ಲಿ ಜಾರ್ಜ್ ಜೆನ್ನಿಂಗ್ಸ್ ಮಾಡಿಸಿದ ಶೌಚಾಲಯಗಳಿಗೂ ಒಂದೇ ಪೆನ್ನಿ. 8 ಲಕ್ಷಕ್ಕೂ ಹೆಚ್ಚು ಜನ ಕೊಟ್ಟು ಹೋದರಂತೆ. ಪೌಂಡಿಗೆ 240ರ ಲೆಕ್ಕದ ಆ ದೊಡ್ಡ ಕಂಚಿನ ಪೆನ್ನಿ 1971ರಲ್ಲೇ ಚಲಾವಣೆ ನಿಲ್ಲಿಸಿತು. ದೊಡ್ಡ ರೈಲು ನಿಲ್ದಾಣಗಳಲ್ಲಿ ದರ 50 ಪೆನ್ಸ್‌ವರೆಗೂ ಏರಿ, 2019ರಲ್ಲಿ ಪುಕ್ಕಟೆಯಾಯಿತು. ಮಾತಿನಲ್ಲಿ ಮಾತ್ರ ಇನ್ನೂ ಒಂದೇ ಪೆನ್ನಿ. ಆಫೀಸಿನ ಹುಡುಗರು ಹೀಗೆ ಹೇಳಿದ್ದು ನಾನು ಕೇಳಿಲ್ಲ. ಅದು ಅಜ್ಜಿಯರ ಮಾತು. ಆದರೆ ಶೌಚಾಲಯದ ಸುದ್ದಿ ಸಿಕ್ಕರೆ ಪೇಪರಿನವರಿಗೆ ಅಜ್ಜಿಯ ಮಾತೇ ಬೇಕು.

ನಮ್ಮಲ್ಲಿ? ಕಿರುಬೆರಳೆತ್ತಿ 'ಮೇಷ್ಟ್ರೇ, ಒಂದಕ್ಕೆ' ಅನ್ನದೆ ಸ್ಕೂಲು ಮುಗಿಸಿದವರು ಯಾರಿದ್ದಾರೆ? ರಾತ್ರಿ ಬಸ್ಸು ಹೋಟೆಲ್ ಮುಂದೆ ನಿಂತರೆ ಕಂಡಕ್ಟರೇ ಕೂಗುತ್ತಾನೆ, 'ಒಂದಕ್ಕೆ ಹೋಗೋರು ಹೋಗ್ಬನ್ನಿ, ಹತ್ತು ನಿಮಿಷ.' ಅದೇ ಜಾಗದ ಸುದ್ದಿ ಪೇಪರಿಗೆ ಬಂದರೆ 'ಮೂತ್ರ ವಿಸರ್ಜನೆಗೆ ಪ್ರಯಾಣಿಕರ ಪರದಾಟ'! ಚೊಂಬು ಹಿಡಿದು ಹೊಲದ ಕಡೆ ಹೊರಟವನು ಅಚ್ಚಿನಲ್ಲಿ 'ಬಯಲು ಬಹಿರ್ದೆಸೆ'ಗೆ ಹೋಗಿರುತ್ತಾನೆ. ಬಹಿರ್ದೆಸೆ ಅಂತ ನಮ್ಮಮ್ಮನ ಬಾಯಲ್ಲಿ ಬಂದಿದ್ದು ನಾನಂತೂ ಕೇಳಿಲ್ಲ. ಮರ್ಯಾದೆಯ ಮಾತು ಬೇಕು, ಸರಿ. ಆದರೆ 'ಒಂದಕ್ಕೆ'ಗಿಂತ ಮರ್ಯಾದೆಯ ಮಾತು ಯಾವುದಿದೆ? ಅದರಲ್ಲಿ ಮೂತ್ರದ ಹೆಸರೇ ಇಲ್ಲ! ವಿಸರ್ಜನೆ ಅಂದರೆ ನನಗೆ ಗಣಪತಿ ನೆನಪಾಗಿ ಇನ್ನಷ್ಟು ಕಸಿವಿಸಿ.

ಇಲ್ಲಿನ ಕನ್ನಡ ಕೂಟವೊಂದರ ರಾಜ್ಯೋತ್ಸವ ಸಂಚಿಕೆಗೆ ಪ್ರವಾಸದ ಬಗ್ಗೆ ಬರೆದುಕೊಟ್ಟಿದ್ದೆ. ನನ್ನ 'ಒಂದಕ್ಕೆ' ಅಚ್ಚಾಗುವಾಗ 'ಶೌಚಕ್ಕೆ' ಆಗಿತ್ತು. ಕೇಳಿದರೆ, 'ಬರವಣಿಗೆ ಅಲ್ವಾ ಸಾರ್, ಸ್ವಲ್ಪ ಗೌರವವಾಗಿರಲಿ ಅಂತ' ಅಂದರು. ಲಂಡನ್ನಿಗೆ ಬಂದರೂ ಈ ಗೌರವದ ಕಾಟ ತಪ್ಪಲಿಲ್ಲ.

ಹಾಗಂತ ನಮ್ಮ ಪೇಪರಿನವರಿಗೆ ಹಳೇ ಮಾತೇ ಆಗಲ್ಲ ಅನ್ನೋದೂ ಸುಳ್ಳು. ದುಡ್ಡಿನ ವಿಷಯವಾದರೆ 'ಚಿಕ್ಕಾಸೂ ಸಿಕ್ಕಿಲ್ಲ', 'ಬಿಡಿಗಾಸಿನ ಪರಿಹಾರ' ಅಂತ ಧಾರಾಳವಾಗಿ ಬರೆಯುತ್ತಾರೆ. ಆ ಕಾಸನ್ನು ಕೈಯಲ್ಲಿ ಹಿಡಿದ ಓದುಗರು ಈಗ ಯಾರಿದ್ದಾರೆ?

ಇನ್ನೊಂದನ್ನೂ ಹೇಳಿಬಿಡಬೇಕು. ಈ ಪೆನ್ನಿ ಮಾತು ನಾನು ಹೊಗಳಿದಷ್ಟು ಮುದ್ದಾದದ್ದೂ ಅಲ್ಲ. ಆಗ ಗಂಡಸರು ನಿಂತು ಮುಗಿಸುವ ಕಡೆ ಸಾಮಾನ್ಯವಾಗಿ ಕಾಸಿರಲಿಲ್ಲ. ಬಾಗಿಲಿರುವ ಕೋಣೆಗೇ ಪೆನ್ನಿ, ಹಾಗಾಗಿ ಒಂದಕ್ಕೂ ದುಡ್ಡು ಕೊಡಬೇಕಾಗಿದ್ದು ಹೆಂಗಸರೇ. ಇದನ್ನು ಮನೆಯಲ್ಲಿ ಹೇಳಿದರೆ ಹೆಂಡತಿಗೆ ಆಶ್ಚರ್ಯವೇ ಇಲ್ಲ. 'ನಮ್ಮೂರ ಬಸ್ ಸ್ಟ್ಯಾಂಡಲ್ಲೂ ಅದೇ ತಾನೇ. ಉಚಿತ ಅಂತ ಗೋಡೆ ಮೇಲೆ ಬರೆದಿರುತ್ತೆ, ಐದು ರೂಪಾಯಿ ಕೊಡೋದು ನಾವು' ಅಂದಳು.