ಸುತ್ತಮುತ್ತಲಿನ ಪ್ರದೇಶದ ನಿವಾಸಿ

ಮೊನ್ನೆ ಪೇಪರಿನಲ್ಲಿ ಬಂದಿದ್ದನ್ನು ನೀವೂ ಓದಿರುತ್ತೀರಿ. ‘ನಾಳೆ ವಿದ್ಯುತ್ ವ್ಯತ್ಯಯ’. ತ್ರೈಮಾಸಿಕ ನಿರ್ವಹಣಾ ಕಾಮಗಾರಿ ಪ್ರಯುಕ್ತ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಇಂತಿಂಥ ಬಡಾವಣೆ, ಇಂತಿಂಥ ರಸ್ತೆ ಮತ್ತು ಸುತ್ತಮುತ್ತಲಿನ ಪ್ರದೇಶಗಳಲ್ಲಿ ಕರೆಂಟ್ ಇರುವುದಿಲ್ಲ, ಗ್ರಾಹಕರು ಸಹಕರಿಸಬೇಕು. ಚಿತ್ರದುರ್ಗದಲ್ಲಿ ನಾನಿರುವುದು ಈ ಸುತ್ತಮುತ್ತಲಲ್ಲಿ. 20 ವರ್ಷದಿಂದ ಇದೇ ಮನೆ. ನಮ್ಮ ರಸ್ತೆಯ ಹೆಸರು ಒಂದು ಸಲವೂ ಪಟ್ಟಿಯಲ್ಲಿ ಬಂದಿಲ್ಲ, ಕರೆಂಟು ಒಂದು ಸಲವೂ ಹೋಗುವುದು ಬಿಟ್ಟಿಲ್ಲ.

ಈ ‘ವ್ಯತ್ಯಯ’ ಅನ್ನುವ ಪದವನ್ನು ಹುಡುಕಿಕೊಟ್ಟ ಪುಣ್ಯಾತ್ಮನಿಗೆ ರಾಜ್ಯೋತ್ಸವ ಪ್ರಶಸ್ತಿ ಕೊಡಬೇಕು. ಕರೆಂಟ್ ತೆಗೆದರು ಅಂದರೆ ಯಾರು ತೆಗೆದರು ಅಂತ ಕೇಳಬಹುದು. ಕಡಿತ ಅಂದರೆ ಕತ್ತರಿ ಯಾರ ಕೈಯಲ್ಲಿದೆ ಅಂತ ನೋಡಬಹುದು. ವ್ಯತ್ಯಯ ಅಂದರೆ ಗ್ರಹಣ ಇದ್ದ ಹಾಗೆ, ತಾನೇ ಹಿಡಿಯುತ್ತದೆ, ತಾನೇ ಬಿಡುತ್ತದೆ, ನಾವು ತಲೆ ಮೇಲೆ ನೀರು ಹಾಕಿಕೊಂಡು ಸುಮ್ಮನಿರಬೇಕು. ನೀರೂ ಇರಲ್ಲ ಬಿಡಿ, ಮೋಟರ್ ಓಡಬೇಕಲ್ಲ. ಒಂದು ಸಲ ಕಿರಾಣಿ ಅಂಗಡಿಯವನಿಗೆ ‘ಈ ತಿಂಗಳು ಬಾಕಿ ಪಾವತಿಯಲ್ಲಿ ವ್ಯತ್ಯಯ, ಸಹಕರಿಸಬೇಕು’ ಅಂದೆ. ಅವನು ಸಹಕರಿಸಲಿಲ್ಲ. ಉದ್ರಿ ಪುಸ್ತಕ ಎತ್ತಿ ಒಳಗಿಟ್ಟ.

ಅವತ್ತು ಮಧ್ಯಾಹ್ನ ಸೆಕೆ ತಡೆಯಲಾರದೆ ಮಹಡಿ ಮೇಲೆ ಹೋಗಿ ನಿಂತೆ. ದೂರದ ಗುಡ್ಡದ ಸಾಲಿನ ಮೇಲೆ ಗಾಳಿ ಫ್ಯಾನುಗಳು ಆರಾಮಾಗಿ ತಿರುಗುತ್ತಿದ್ದವು. ನಮ್ಮ ಜಿಲ್ಲೆಯ ಗುಡ್ಡಗಳಿಗೆ ಈಗ ಮರಕ್ಕಿಂತ ಫ್ಯಾನೇ ಶೋಭೆ. ಗುಡ್ಡದ ಮೇಲಿನ ಫ್ಯಾನು ತಿರುಗುತ್ತದೆ, ತಲೆ ಮೇಲಿನ ಫ್ಯಾನು ನಿಂತಿರುತ್ತದೆ. ಸಂಡಿಗೆ ಕಾಯುತ್ತ ಕೂತಿದ್ದ ನಮ್ಮ ಅತ್ತೆ, ‘ಅಷ್ಟು ದೊಡ್ಡ ಫ್ಯಾನು ತಿರುಗಿಸೋಕೆ ಎಷ್ಟು ಕರೆಂಟ್ ಬೇಕಪ್ಪಾ, ಅದಕ್ಕೇ ನಮ್ಮದು ತೆಗೀತಾರೆ’ ಅಂದರು. ಅದು ಕರೆಂಟ್ ತಿನ್ನೋದಲ್ಲ, ಕೊಡೋದು ಅಂತ ವಿವರಿಸಲು ಹೋದೆ. ‘ಹಂಗಾದ್ರೆ ಎಲ್ಲಿ?’ ಅಂದರು. ಗ್ರಿಡ್‌ಗೆ ಹೋಗುತ್ತೆ ಅತ್ತೆ, ಅಲ್ಲಿಂದ ಎಲ್ಲರಿಗೂ ಹಂಚುತ್ತಾರೆ ಅಂದೆ. ‘ಅದೇ ಮತ್ತೆ’ ಅಂದರು. ಅವರ ಮಾತಲ್ಲಿ ತಪ್ಪು ಎಲ್ಲಿದೆ ಅಂತ ಇನ್ನೂ ಹುಡುಕುತ್ತಿದ್ದೇನೆ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು ಮೊದಲು ಓಡಿದ್ದು ಕೋಲಾರದ ಚಿನ್ನದ ಗಣಿಗೆ, ಬೆಂಗಳೂರಿನ ಬೀದಿ ದೀಪ ಹತ್ತಿದ್ದೇ 1905ರಲ್ಲಿ. ಹುಟ್ಟಿದೂರಲ್ಲಿ ನಿಲ್ಲದಿರುವುದು ಅದರ ಹುಟ್ಟುಗುಣ. ಓದಿದ ಮಕ್ಕಳ ಹಾಗೆ.

ಇರಲಿ. 10ಕ್ಕೆ ಹೋಗಬೇಕಾದ್ದು 9.40ಕ್ಕೇ ಹೋಗಿತ್ತು, ಸರ್ಕಾರದ ಕೆಲಸ ಹೇಳಿದ್ದಕ್ಕಿಂತ ಮುಂಚೆ ಶುರುವಾಗುವುದು ಇದೊಂದೇ. 5ಕ್ಕೆ ಬರಬೇಕಾದ್ದು 6.20ಕ್ಕೆ ಬಂತು. ಬಂದಿದ್ದಾದರೂ ನೆಟ್ಟಗೆ ಬಂತಾ? ಬಂತು, ಹೋಯಿತು, ಬಂತು, ಮತ್ತೆ ಹೋಯಿತು, ಮುನಿಸಿಕೊಂಡ ಅಳಿಯ ಹೊಸ್ತಿಲವರೆಗೆ ಬಂದು ಬಂದು ತಿರುಗಿ ಹೋಗುವ ಹಾಗೆ. ಮೂರನೇ ಸಲ ಬಂದಾಗ ಬಲ್ಬು ಹಾಲಿನ ಹಾಗೆ ಉರಿಯಿತು. ಇಡೀ ಬಡಾವಣೆಯ ಫ್ರಿಜ್ಜು, ಮೋಟರು, ಗ್ರೈಂಡರು ಒಟ್ಟಿಗೆ ಏಳುವ ಹೊತ್ತು ಅದು, ವೋಲ್ಟೇಜ್ ಮೇಲೆ ಕೆಳಗೆ ಆಡುತ್ತದೆ. ಕಂಪ್ಯೂಟರ್ ಸಾಯುವುದು ಕರೆಂಟ್ ಹೋದಾಗ ಕಡಿಮೆ, ಬಂದಾಗ ಜಾಸ್ತಿ.

ನಮ್ಮದು ಹಾಗೇ ಸತ್ತಿತು. ಅಕ್ಕನ ಮಗಳು ಸ್ಕಾಲರ್‌ಶಿಪ್ ಅರ್ಜಿ ಹಾಕಲು ಬಂದಿದ್ದಳು, ಅವತ್ತೇ ಕೊನೆ ದಿನ, ರಾತ್ರಿ 11.59ರವರೆಗೆ ಟೈಮು. ಬಟನ್ ಒತ್ತಿದೆ. ಸದ್ದಿಲ್ಲ, ಲೈಟಿಲ್ಲ, ಫ್ಯಾನಿಲ್ಲ.

ಒಂದು ಮನೆಯಲ್ಲಿ ಕಂಪ್ಯೂಟರ್ ಕೆಟ್ಟರೆ ಬೀದಿಗೆಲ್ಲ ಹೇಗೆ ಗೊತ್ತಾಗುತ್ತದೋ. ಪಕ್ಕದ ಮನೆ ರಿಟೈರ್ಡ್ ಮೇಷ್ಟ್ರು ಬನಿಯನ್ನಿನಲ್ಲೇ ಬಂದರು. ‘ಪ್ಲಗ್ ತೆಗೆದು ಹಾಕಿದ್ರಾ?’ ಹಾಕಿದ್ದೆ. ಟೆಸ್ಟರ್ ಇಟ್ಟು ನೋಡಿದೆವು, ಸಾಕೆಟ್ಟಿನಲ್ಲಿ ಕರೆಂಟಿತ್ತು. ಯುಪಿಎಸ್ ಒಳಗಿನ ಬ್ಯಾಟರಿಯನ್ನು ಎರಡು ಮೂರು ವರ್ಷಕ್ಕೊಮ್ಮೆ ಬದಲಿಸಬೇಕು, ನಾನು ಬದಲಿಸಿಲ್ಲ, ಹಾಗಾಗಿ ಅದು ಕಾಯುವ ಕೆಲಸ ಬಿಟ್ಟು ಕುಂಯ್ ಅಂತ ಅಳುವ ಕೆಲಸ ಮಾತ್ರ ಮಾಡುತ್ತಿತ್ತು. ಅದನ್ನು ಬಿಟ್ಟು ನೇರ ಗೋಡೆಗೆ ಸಿಕ್ಕಿಸಿದೆವು. ಇಲ್ಲ. ಆಮೇಲೆ ಪ್ಲಗ್ ಪೂರ್ತಿ ಕಿತ್ತು ಪವರ್ ಬಟನ್ ಅನ್ನು 30 ಸೆಕೆಂಡ್ ಒತ್ತಿ ಹಿಡಿದೆ. ಒಳಗೆ ಉಳಿದ ಚಾರ್ಜ್ ಖಾಲಿಯಾಗಿ ಕೆಲವು ಸಲ ಕಂಪ್ಯೂಟರಿನ ಮುಖ್ಯ ಬೋರ್ಡಿಗೆ, ಅಂದರೆ ಮದರ್‌ಬೋರ್ಡಿಗೆ ಪ್ರಜ್ಞೆ ಬರುತ್ತದೆ. ಮೇಷ್ಟ್ರು ಇದಕ್ಕೆ ದೃಷ್ಟಿ ತೆಗೆಯೋದು ಅಂತ ಹೆಸರಿಟ್ಟರು. ದೃಷ್ಟಿ ಹೋಗಲಿಲ್ಲ. ಪ್ಲಗ್ ಹಾಕಿದರೆ ಸಾಕು, ಬಟನ್ ಒತ್ತದಿದ್ದರೂ ನಮ್ಮ ಮದರ್‌ಬೋರ್ಡಿನಲ್ಲಿ ಒಂದು ಪುಟ್ಟ ಹಸಿರು ದೀಪ ಹತ್ತುತ್ತದೆ. ಅದೂ ಹತ್ತಲಿಲ್ಲ. ಅಲ್ಲಿಗೆ ರೋಗ ಎಸ್‌ಎಂಪಿಎಸ್‌ನದ್ದು, ಅಂದರೆ ಒಳಗೆ ಕರೆಂಟ್ ಹಂಚುವ ಡಬ್ಬಿಯದ್ದು ಅಂತ ಮುಕ್ಕಾಲು ಭಾಗ ಗೊತ್ತಾಯಿತು. ಆದರೂ ರ್‍ಯಾಮ್ ಅನ್ನುವ ಮೆಮೊರಿ ಪಟ್ಟಿ ಬಿಚ್ಚಿ ರಬ್ಬರಿನಲ್ಲಿ ಉಜ್ಜಿ ಹಾಕಿದೆವು. ಯಾವ ಕಂಪ್ಯೂಟರ್ ಯಾವ ಕಾರಣಕ್ಕೆ ಕೆಟ್ಟರೂ ರ್‍ಯಾಮ್ ಉಜ್ಜುವುದು ನಮ್ಮಲ್ಲಿ ಸಂಪ್ರದಾಯ, ಬಿಡಬಾರದು.

ಅರ್ಜಿಗೆ ಬೇಕಾದ ಮಾರ್ಕ್ಸ್ ಕಾರ್ಡು, ಆದಾಯ ಪ್ರಮಾಣ ಪತ್ರ ಎಲ್ಲವನ್ನೂ ಸ್ಕ್ಯಾನ್ ಮಾಡಿ ಇದೇ ಕಂಪ್ಯೂಟರಿನೊಳಗೆ ಜೋಪಾನ ಮಾಡಿದ್ದೆವು. ಒರಿಜಿನಲ್ ಊರಲ್ಲಿ. ಮೊಬೈಲಿನಲ್ಲಿ ಹುಡುಕಿದಳು, ಅವಳಪ್ಪನಿಗೆ ಫೋನ್ ಮಾಡಿ ಫೋಟೋ ತೆಗೆಸಿದಳು, ಮಸುಕಾಗಿತ್ತು, ಮತ್ತೆ ತೆಗೆಸಿದಳು, ಫೈಲು ದೊಡ್ಡದಾಯಿತು ಅಂತ ವೆಬ್‌ಸೈಟ್ ತಳ್ಳಿತು. 12 ಗಂಟೆ ಆಯಿತು. ವೆಬ್‌ಸೈಟು ಬಾಗಿಲು ಹಾಕಿತು.

ಇಲ್ಲಿ ನನಗೆ ತಮಾಷೆ ಬರುವುದಿಲ್ಲ. ಕರೆಂಟಿನಲ್ಲಿ ವ್ಯತ್ಯಯ, ನೀರಿನಲ್ಲಿ ವ್ಯತ್ಯಯ, ಸರ್ವರಿನಲ್ಲಿ ವ್ಯತ್ಯಯ. ಕೊನೆ ದಿನಾಂಕದಲ್ಲಿ ಮಾತ್ರ ಒಂದು ನಿಮಿಷ ವ್ಯತ್ಯಯ ಇಲ್ಲ. ಅವರು 1 ಗಂಟೆ 20 ನಿಮಿಷ ತಡ ಮಾಡಿದರೆ ಅದು ಕಾಮಗಾರಿ, ಈ ಹುಡುಗಿ ಒಂದು ನಿಮಿಷ ತಡ ಮಾಡಿದರೆ ಅವಳು ಅನರ್ಹಳು. ಎಲ್ಲರಿಗೂ 24 ಗಂಟೆ ಕರೆಂಟ್ ಕೊಡಬೇಕು ಅಂತ 2020ರಲ್ಲೇ ಕೇಂದ್ರ ಸರ್ಕಾರ ಗ್ರಾಹಕರ ಹಕ್ಕುಗಳ ನಿಯಮ ಮಾಡಿದೆ. ರೈತರಂಥವರಿಗೆ ಕಡಿಮೆ ಗಂಟೆ ಕೊಡಬಹುದು ಅಂತ ಅದರಲ್ಲೇ ಒಂದು ಕಿಂಡಿಯೂ ಇದೆ. ಹಕ್ಕು ಅಂತ ಹೆಸರು ಬೇರೆ. ಸಾಕಾಗಿದೆ ನನಗೆ, ನಿಜವಾಗಿ.

ಕಂಬ ಹತ್ತಿದ ಹುಡುಗನನ್ನು ನಾನು ಬೈಯುವುದಿಲ್ಲ. ಅವನು ಗ್ಲೌಸ್ ಇಲ್ಲದೆ, ಆಫೀಸಿನಿಂದ ಲೈನ್ ಕ್ಲಿಯರ್ ಅಂತ ಬಂದ ಒಂದು ಮಾತನ್ನೇ ನಂಬಿ ಮೇಲೆ ಹತ್ತುತ್ತಾನೆ. ನನ್ನ ಮಾತು ಕೆಳಗೆ ಫ್ಯಾನಿನಡಿ ಕೂತವರದ್ದು. ಮರುದಿನ ಫೋನ್ ಮಾಡಿ ವೋಲ್ಟೇಜ್ ಹೀಗಾಯಿತು, ಕಂಪ್ಯೂಟರ್ ಹೋಯಿತು ಅಂದೆ. ಆ ಕಡೆಯಿಂದ ಬಹಳ ಮರ್ಯಾದೆಯಿಂದ ಒಬ್ಬರು ಕೇಳಿದರು, ‘ನಿಮ್ದು ಝೀರೋ ಬಿಲ್ ಅಲ್ವಾ ಸಾರ್?’ ಹೌದು, 2023ರಿಂದ ಗೃಹಜ್ಯೋತಿಯಲ್ಲಿ ನಮ್ಮದು ಸೊನ್ನೆ ಬಿಲ್ಲು. ಪುಕ್ಕಟೆ ಊಟಕ್ಕೆ ಕೂತವನು ಸಾರಿನಲ್ಲಿ ಕಲ್ಲಿದೆ ಅನ್ನಬಾರದು. ಅದಕ್ಕೂ ಮುಂಚೆ, ತಿಂಗಳು ತಿಂಗಳು ದುಡ್ಡು ಕಟ್ಟುತ್ತಿದ್ದಾಗ ಯಾಕೆ ಕಲ್ಲು ಇರುತ್ತಿತ್ತು ಅಂತ ಕೇಳುವಷ್ಟರಲ್ಲಿ ಲೈನ್ ಕಟ್ಟಾಯಿತು. ಅದೂ ವ್ಯತ್ಯಯವೇ ಇರಬೇಕು.

ರಿಪೇರಿ ಅಂಗಡಿಯ ಹುಡುಗ ನಮ್ಮ ಒಂದು ರಾತ್ರಿಯ ಸಂಶೋಧನೆಯನ್ನು ಒಂದು ನಿಮಿಷದಲ್ಲಿ ಮುಗಿಸಿದ. ಮದರ್‌ಬೋರ್ಡಿನಿಂದ 24 ಪಿನ್ನಿನ ಕನೆಕ್ಟರ್ ಕಿತ್ತು, ಪೇಪರ್ ಕ್ಲಿಪ್ ಒಂದನ್ನು ಬಗ್ಗಿಸಿ ಹಸಿರು ವೈರಿಗೂ ಕಪ್ಪು ವೈರಿಗೂ ಸೇರಿಸಿ ಸ್ವಿಚ್ ಹಾಕಿದ. ಸರಿ ಇದ್ದರೆ ಎಸ್‌ಎಂಪಿಎಸ್ ಫ್ಯಾನು ತಿರುಗಬೇಕು. ತಿರುಗಲಿಲ್ಲ. ‘ಹೋಗಿದೆ ಸಾರ್.’ ಅದರೊಳಗೆ ಚಾರ್ಜ್ ಹಿಡಿದಿಡುವ ಹಳೇ ಕೆಪಾಸಿಟರುಗಳು ಹೀಗೇ ಅಂತೆ. ಸ್ವಿಚ್ ಆರಿಸದೆ ಬಿಟ್ಟರೆ ವರ್ಷಗಟ್ಟಲೆ ಬೆಚ್ಚಗೆ ಹೇಗೋ ನಡೆದಿರುತ್ತವೆ, ಒಂದು ದಿನ ಪೂರ್ತಿ ತಣ್ಣಗಾದರೆ ಮತ್ತೆ ಏಳುವುದಿಲ್ಲ. ಮೇಲೆ ವೋಲ್ಟೇಜಿನ ಏಟು ಬೇರೆ. ಬಿಚ್ಚಿ ನೋಡೋಣ ಅಂತ ನಾನು ಕೈ ಹಾಕಿದೆ, ಹುಡುಗ ಗದರಿದ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ದೊಡ್ಡ ಕೆಪಾಸಿಟರಿನಲ್ಲಿ ಸ್ವಲ್ಪ ಹೊತ್ತು 300 ವೋಲ್ಟಿನಷ್ಟು ಉಳಿದಿರಬಹುದಂತೆ. ನಮ್ಮ ಬಡಾವಣೆಯಲ್ಲಿ ಕರೆಂಟ್ ಹೋದ ಮೇಲೂ ಕರೆಂಟ್ ಇರುವ ಏಕೈಕ ಜಾಗ ಅದು. ನಾನು ಅಲ್ಲೇ ಕೈ ಮುಗಿದೆ.

ಹೊಸ ಡಬ್ಬಿಗೆ 900 ರೂಪಾಯಿ. ಮನೆಗೆ ತಂದು ಬಟನ್ ಒತ್ತಿದೆ. ಕಪ್ಪು ಪರದೆ ಮೇಲೆ ಎಫ್ 1 ಒತ್ತಿ ಅಂತ ಬಂತು. ಒತ್ತಿದೆ. ವಿಂಡೋಸ್ ತೆರೆದುಕೊಂಡಿತು, ಮೂಲೆಯಲ್ಲಿ ತಾರೀಖು ನೋಡಿದರೆ 2012ರ ಜನವರಿ 1. ಪ್ಲಗ್ ಕಿತ್ತಾಗ ಗಡಿಯಾರ ಕಾಯಬೇಕಾದ 3 ವೋಲ್ಟಿನ ಬಟನ್ ಸೆಲ್ಲೂ ಯಾವಾಗಲೋ ಸತ್ತಿದೆ, ನನಗೆ ಗೊತ್ತೇ ಇಲ್ಲ. ನಿಮ್ಮ ಗಡಿಯಾರ ಹಿಂದಿದೆ ಅಂತ ಬ್ರೌಸರ್ ಒಂದು ಪೇಜನ್ನೂ ತೆರೆಯಲಿಲ್ಲ.

ತಾರೀಖು ಸರಿ ಮಾಡಲು ಮೌಸ್ ಹಿಡಿದೆ. ಅಕ್ಕನ ಮಗಳು ಹಿಂದೆ ನಿಂತು ನೋಡುತ್ತಿದ್ದಳು.

‘ಇರ್ಲಿ ಬಿಡು ಮಾಮ’ ಅಂದಳು. ‘ಇದ್ರ ಪ್ರಕಾರ ನಂಗಿನ್ನೂ ಟೈಮ್ ಇದೆ.’