ಕನಾಯೆವಾ ಗೆದ್ದದ್ದು ವಾಲ್ಟ್‌ನಲ್ಲಿ ಅಲ್ಲ: ಒಂದು ಸ್ಪಷ್ಟನೆ

ದಾವಣಗೆರೆಯ ಪೋಷಕರ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ರಷ್ಯಾದ ಜಿಮ್ನಾಸ್ಟ್ ಎವ್ಗೇನಿಯಾ ಕನಾಯೆವಾ ಮೂರು ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು, ಅದೂ ನಮ್ಮ ದೀಪಾ ಕರ್ಮಾಕರ್ ಥರ ವಾಲ್ಟ್‌ನಲ್ಲಿ (ಓಡಿಬಂದು ಮೇಜಿನಂಥ ಸಾಧನದ ಮೇಲೆ ಕೈಯೂರಿ ಹಾರುವ ಸ್ಪರ್ಧೆ) ಅಂತ. ಎರಡೂ ತಪ್ಪು.

ಅವರು ಗೆದ್ದದ್ದು ಎರಡು ಒಲಿಂಪಿಕ್ ಚಿನ್ನ, 2008ರಲ್ಲಿ ಬೀಜಿಂಗ್, 2012ರಲ್ಲಿ ಲಂಡನ್. ಎರಡೂ ರಿದಮಿಕ್ ಜಿಮ್ನಾಸ್ಟಿಕ್ಸ್‌ನ ವೈಯಕ್ತಿಕ ಆಲ್‌ರೌಂಡ್‌ನಲ್ಲಿ, ಅಂದರೆ ಎಲ್ಲ ಸಾಧನಗಳ ಅಂಕ ಸೇರಿಸಿ ನೋಡುವ ಸ್ಪರ್ಧೆಯಲ್ಲಿ. ಅದನ್ನು ಎರಡು ಸಲ ಗೆದ್ದವರಲ್ಲಿ ಅವರೇ ಮೊದಲಿಗರು. 2012ರ ಕೊನೆಗೇ, 22ನೇ ವಯಸ್ಸಿನಲ್ಲಿ ನಿವೃತ್ತರಾದರು. ಮೂರನೇ ಒಲಿಂಪಿಕ್ಸ್ ಎಲ್ಲಿಂದ ಬರಬೇಕು? ಇಲ್ಲದ್ದನ್ನು ಸೇರಿಸುವ ಅಗತ್ಯವೂ ಇಲ್ಲ. 2009ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ತಂಡದ ಚಿನ್ನವೂ ಸೇರಿ ಆರಕ್ಕೆ ಆರೂ ಗೆದ್ದವರು ಅವರು!

ವಾಲ್ಟ್ ಇರುವುದು ಆರ್ಟಿಸ್ಟಿಕ್ ಜಿಮ್ನಾಸ್ಟಿಕ್ಸ್‌ನಲ್ಲಿ. ದೀಪಾ 2016ರ ರಿಯೋದಲ್ಲಿ ನಾಲ್ಕನೇ ಸ್ಥಾನ ಪಡೆದದ್ದು ಅದರಲ್ಲೇ. ರಿದಮಿಕ್ ಬೇರೆಯೇ ಆಟ. ಕೈಯಲ್ಲಿ ಹೂಪ್ (ದೊಡ್ಡ ಬಳೆ), ಚೆಂಡು, ಕ್ಲಬ್ (ಚಿಕ್ಕ ದಾಂಡುಗಳ ಜೋಡಿ) ಅಥವಾ ರಿಬ್ಬನ್. ಕನಾಯೆವಾ ಬೀಸುತ್ತಿದ್ದ ರಿಬ್ಬನ್ ಆರು ಮೀಟರ್ ಉದ್ದ. ಸುಮಾರು ಒಂದೂವರೆ ನಿಮಿಷ ಅದು ಆಡುತ್ತಲೇ ಇರಬೇಕು. ಮಧ್ಯೆ ಗಂಟು ಬಿದ್ದರೆ ಅಂಕ ಹೋಯಿತು. ಸುಮ್ನೆ ನೋಡಿದರೆ ಸುಲಭ ಅನಿಸುತ್ತೆ, ಅಲ್ವಾ?

ಮಕ್ಕಳನ್ನು ಜಿಮ್ನಾಸ್ಟಿಕ್ಸ್‌ಗೆ ಸೇರಿಸುವವರು ಇದರಲ್ಲಿ ಯಾವುದನ್ನು ಕಲಿಸುತ್ತಾರೆ ಅಂತ ಮೊದಲೇ ಕೇಳಿಕೊಳ್ಳಿ.